ಸಹಾಯ ಬೇಕು: ಒಂಬತ್ತನೇ ಕ್ಲಾಸಿನ ದತ್ತು ಮಗಳಿಗೆ ಕಲಬುರಗಿಯಲ್ಲಿ ಒಳ್ಳೆಯ ಕೌನ್ಸೆಲರ್

ಎಲ್ಲರಿಗೂ ನಮಸ್ಕಾರ್ರಿ. ನಾವು ಇರೋದು ಕಲಬುರಗಿಯ ಸೇಡಂ ರೋಡ್ ಕಡೆ. ಮಗಳು ಆರು ವರ್ಷದವಳಿದ್ದಾಗ ಕಾರಾ (ದತ್ತು ವಿಷಯ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಮೂಲಕ ದತ್ತು ತೆಗೆದುಕೊಂಡೆವು. ಈ ವಿಷಯ ಅವಳಿಗೆ ಗೊತ್ತು, ಮನೆಯಲ್ಲಿ ಏನೂ ಮುಚ್ಚಿಟ್ಟಿಲ್ಲ.

ಕಳೆದ ವರ್ಷದ ತನಕ ಚೆನ್ನಾಗಿ ಓದುತ್ತಿದ್ದಳು. ಈಗ ಪುಸ್ತಕ ತೆರೆದಿರುತ್ತದೆ, ಮನಸ್ಸು ಅಲ್ಲಿರುವುದಿಲ್ಲ. ಶಾಲೆಯಲ್ಲಿ ಪ್ರಾಜೆಕ್ಟ್‌ಗೆ ಅಂತ ವಂಶವೃಕ್ಷ ಮತ್ತು ಕೂಸಾಗಿದ್ದಾಗಿನ ಫೋಟೊ ಕೇಳಿದರು. ಅವಳ ಹತ್ತಿರ ಅಂಥ ಫೋಟೊ ಇಲ್ಲ. ಅಂದಿನಿಂದ ಒಂದೇ ಪ್ರಶ್ನೆ, "ಅಮ್ಮಾ, ನಾ ಸಣ್ಣಾಕಿ ಇದ್ದಾಗ ಹ್ಯಾಂಗಿದ್ದೆ?" ಇಂಥ ಪ್ರಾಜೆಕ್ಟ್‌ಗೆ ಮಕ್ಕಳಿಗೆ ಬೇರೆ ಆಯ್ಕೆಯನ್ನೂ ಕೊಡಬೇಕು, ಅಲ್ವಾ?

18 ತುಂಬಿದ ಮೇಲೆ ತನ್ನ ಮೂಲ ತಿಳಿಯಲು ಅವಳೇ ಅರ್ಜಿ ಹಾಕಬಹುದು. ಅದಕ್ಕೂ ಮೊದಲಾದರೆ ನಮ್ಮ ಜೊತೆ ಸೇರಿ ಹಾಕಬಹುದು. ಇದನ್ನು ಅವಳಿಗೆ ಹೇಳಿದ್ದೇವೆ. ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಕಾಯುವುದೋ, ಈಗಲೇ ಶುರು ಮಾಡುವುದೋ ತಿಳಿಯುತ್ತಿಲ್ಲ. ಈ ದಾರಿಯಲ್ಲಿ ಹೋದ ಅಪ್ಪ ಅಮ್ಮ ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಆದರೆ ಅವಳು ಫೋನಿನಲ್ಲಿ ಬಾಯಿ ಬಿಡುವುದಿಲ್ಲ. ಎದುರಿಗೆ ಕೂತು, ಕನ್ನಡದಲ್ಲಿ, ಹದಿಹರೆಯದ ಮಕ್ಕಳ ಜೊತೆ ಮಾತಾಡಿ ಅಭ್ಯಾಸ ಇರುವವರು ಬೇಕು. ಬೀದರ್ ಆದರೂ ಕರೆದುಕೊಂಡು ಬರುತ್ತೇವೆ. ಗಣಿತಕ್ಕೆ ಬೈಯದೆ, ತಾಳ್ಮೆಯಿಂದ ಹೇಳಿಕೊಡುವ ಟ್ಯೂಷನ್ ಟೀಚರ್ ಗೊತ್ತಿದ್ದರೂ ತಿಳಿಸಿ.

"ಹೇಳಲೇಬಾರದಿತ್ತು" ಅಂತ ಮಾತ್ರ ಬರೆಯಬೇಡಿ. ಸತ್ಯ ತಿಳಿಯುವುದು ಅವಳ ಹಕ್ಕು. ಗುಂಪಿನಲ್ಲಿ ಬರೆಯಲು ಇಷ್ಟವಿಲ್ಲದವರು ನನಗೆ ನೇರವಾಗಿ ಮೆಸೇಜ್ ಮಾಡಿ.