ಅಪ್‌ಡೇಟ್: ವಿಜಯಪುರದ ಬ್ಯಾಸಗಿಯೊಳಗ ಮೀನಿನ ತೊಟ್ಟಿಗೆ ಗಿಡ

ಕರೆಂಟ್ ಹೋಗಿ ಏರ್ ಪಂಪ್ ನಿಂತಾಗ ನಮ್ಮ ಗಪ್ಪಿ ಮೀನು ಮ್ಯಾಲ ಬಂದು ಬಾಯಿ ಬಿಡತಾವ, ಜೀವಂತ ಗಿಡ ಹಾಕಿದರ ಸಾಕೇನ್ರಿ ಅಂತ ಕೇಳಿದ್ದೆ. ಹೈಡ್ರಿಲ್ಲಾ ಅನ್ನೂ ನೀರಿನ ಗಿಡ ಹಾಕ್ರಿ ಅಂದವರಿಗೆಲ್ಲ ಭಾಳ ಧನ್ಯವಾದ.

ಗಿಡ ಮಸ್ತ್ ಹಿಡಕೊಂಡೈತಿ. ಮಧ್ಯಾಹ್ನ ಲೈಟ್ ಬಿದ್ದಾಗ ಎಲಿ ತುದಿಗೆ ಸಾಸಿವಿಗಿಂತ ಸಣ್ಣ ಆಮ್ಲಜನಕದ ಗುಳ್ಳಿ ಕಟ್ಟಿ, ಒಂದೊಂದ ಬಿಟ್ಟು ಮ್ಯಾಲ ಏರತಾವ. ನೋಡಕೋತ ಕುಂತರ ಹೊತ್ತು ಹೋಗಿದ್ದ ಗೊತ್ತಾಗೂದಿಲ್ಲ. ಮೀನೂ ಈಗ ಗಿಡದ ನಡುವ ಆರಾಮ ಓಡಾಡತಾವ.

ಆದರ ರಾತ್ರಿ ಮಾತು ಬ್ಯಾರೆ. ಬೆಳಕಿಲ್ಲಂದ್ರ ಗಿಡಾನೂ ಆಮ್ಲಜನಕ ಎಳಕೋತೈತಿ. ನಸುಕಿನ್ಯಾಗ ಮತ್ತ ಒಂದೆರಡು ಮೀನು ಮ್ಯಾಲ ಬಂದಿದ್ದು. ಅದಕ್ಕ ಹಗಲು ಪಂಪ್ ಬಂದ್, ರಾತ್ರಿ ಚಾಲೂ. ನಮ್ಮ ಕಡೆ ಬಿಸಿಲಿಗೆ ಇದು ಬೇಕ ಬೇಕು: 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡದರ, 30 ಡಿಗ್ರಿಗೆ ಬರೇ 7.5.

ಲೈಟ್ 8 ತಾಸು ಸಾಕು, ಹೆಚ್ಚಾದರ ಪಾಚಿ. ಕೊಳತ ಎಲಿ ಕೂಡ್ಲೆ ತಗೀರಿ, ಕೊಳಿಯೂದಕ್ಕೂ ಆಮ್ಲಜನಕ ಖರ್ಚಾಗತೈತಿ. ರಾತ್ರಿ ಕರೆಂಟ್ ಹೋದರ ಇರ್ಲಿ ಅಂತ ಬ್ಯಾಟರಿ ಪಂಪೂ ತಂದಿಟ್ಟೇನಿ.