ಅಪ್‌ಡೇಟ್: ಮಗಳ ಸೆರೆಬ್ರಲ್ ಪಾಲ್ಸಿ, ಹೆರಿಗೆಯ ದಾಖಲೆಗಳು ಸಿಕ್ಕವು

ಹೆರಿಗೆ ತಡವಾಗಿದ್ದಕ್ಕೇ ಮಗಳಿಗೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಕೈಕಾಲುಗಳ ಚಲನೆಗೆ ತೊಂದರೆಯಾಗುವ ಸ್ಥಿತಿ) ಬಂತಾ, ಇದು ಆಸ್ಪತ್ರೆಯವರ ನಿರ್ಲಕ್ಷ್ಯವಾ ಎಂದು ಕೇಳಿದ್ದೆ. ನೀವು ಹೇಳಿದಂತೆ ಪೂರ್ತಿ ದಾಖಲೆ ತೆಗೆಸಿಕೊಂಡು ಮಕ್ಕಳ ನರರೋಗ ತಜ್ಞರಿಗೆ ತೋರಿಸಿದೆವು. ಎಲ್ಲರಿಗೂ ಧನ್ಯವಾದ.

ಇಂಥ ಹೆಚ್ಚಿನ ಮಕ್ಕಳಲ್ಲಿ ಮಿದುಳಿನ ಹಾನಿ ಹೆರಿಗೆಗೂ ಮುಂಚೆಯೇ ಆಗಿರುತ್ತದೆ, ಹೆರಿಗೆ ಹೊತ್ತಿನ ಆಮ್ಲಜನಕದ ಕೊರತೆ ಕಾರಣವಾಗುವುದು ಕಡಿಮೆ ಎಂದು ಅವರು ಮೊದಲೇ ಹೇಳಿದರು. ಆದರೆ ನಮ್ಮವಳು ತಿಂಗಳು ತುಂಬಿ ಹುಟ್ಟಿದವಳು. 5ನೇ ನಿಮಿಷದ ಅಪ್ಗಾರ್ ಅಂಕ (ಹುಟ್ಟಿದ ಕೂಡಲೇ ಮಗುವಿನ ಸ್ಥಿತಿ ನೋಡಿ 10ಕ್ಕೆ ಕೊಡುವ ಅಂಕ) 3, ಹೊಕ್ಕುಳಬಳ್ಳಿಯ ರಕ್ತದ ಪಿಎಚ್ 7ಕ್ಕಿಂತ ಕೆಳಗೆ, ಅಂದರೆ ರಕ್ತ ತೀರಾ ಆಮ್ಲೀಯ, ಎಂಆರ್‌ಐನಲ್ಲಿ ಮಿದುಳಿನ ಒಳಗಿನ ಥಲಾಮಸ್ ಭಾಗದಲ್ಲಿ ಹಾನಿ. ಇವೆಲ್ಲ ಒಟ್ಟಿಗೆ ಕಂಡರೆ ಹೆರಿಗೆ ಸಮಯದ್ದೇ ಇರಬಹುದಂತೆ. ಹಾಗೆಂದು ಅಷ್ಟಕ್ಕೇ ಯಾರ ತಪ್ಪೂ ಸಾಬೀತಾಗುವುದಿಲ್ಲ.

ನನ್ನ ನಿದ್ದೆ ಕೆಡಿಸಿರುವುದು ಸಿಟಿಜಿ ಕಾಗದ, ಅಂದರೆ ಹೆರಿಗೆಗೆ ಮುಂಚೆ ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ದಾಖಲಿಸಿದ ಕಾಗದ. ಮಗುವಿನ ಎದೆಬಡಿತದ ಗೆರೆ ಮತ್ತೆ ಮತ್ತೆ ಕುಸಿದಿದೆ, ಪಕ್ಕದಲ್ಲಿ ಒಂದು ಸಾಲಿನ ಟಿಪ್ಪಣಿಯೂ ಇಲ್ಲ. ಹುಟ್ಟಿದ 6 ಗಂಟೆಯೊಳಗೆ ಶುರುಮಾಡಬೇಕಾದ, ಮಿದುಳಿನ ಹಾನಿ ತಗ್ಗಿಸಲು ಮೈ ತಂಪಾಗಿಸುವ ಚಿಕಿತ್ಸೆಯ ಮಾತೇ ಎಲ್ಲೂ ಬಂದಿಲ್ಲ. ಯಾಕೆ ಅಂತ ನಮಗೆ ಗೊತ್ತಾಗಲೇಬೇಕು. ಈಗ ಆ ಆಸ್ಪತ್ರೆಗೆ ಸಂಬಂಧವಿಲ್ಲದ ಪ್ರಸೂತಿ ತಜ್ಞರೊಬ್ಬರು ಕಡತ ನೋಡುತ್ತಿದ್ದಾರೆ, ಅವರ ವರದಿ ಬಂದ ಮೇಲೆಯೇ ವಕೀಲರು.

ಫಿಸಿಯೋಥೆರಪಿ ಮಾತ್ರ ಯಾವುದಕ್ಕೂ ಕಾಯುತ್ತಿಲ್ಲ. ಹೆಬ್ಬೆರಳನ್ನು ಒಳಗೆ ಮಡಚಿ ಬಿಗಿಹಿಡಿಯುತ್ತಿದ್ದ ಎಡಗೈ ಮುಷ್ಟಿಯನ್ನು ಈಚೆಗೆ ತಾನಾಗಿಯೇ ಸ್ವಲ್ಪ ಬಿಡಿಸುತ್ತಾಳೆ.