ಸ್ಪಿರಿಟ್‌ಗೆ ಹಾಕಿದ ಕಡಲ ಹುಳುಗಳು ಮುರಿದುಹೋದವು, ಇನ್ನು ಗುರುತಿಸುವುದು ಹೇಗೆ?

ವಿರಾಜಪೇಟೆ_ಲೆನ್ಸ್:
ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಮಾಕುಟ್ಟ ಘಾಟಿ ಇಳಿದು ಕಣ್ಣೂರು ಕಡೆಯ ಕಡಲ ತೀರಕ್ಕೆ ಹೋಗಿದ್ದೆ. ನೀರು ಇಳಿದ ಹೊತ್ತಿಗೆ ಕಲ್ಲಿನ ಪಕ್ಕದ ಮರಳು ಅಗೆದಾಗ ಆರು ಬಿರುಗೂದಲ ಹುಳು ಸಿಕ್ಕವು. ಅಲ್ಲೇ ಸ್ಪಿರಿಟ್ ಬಾಟಲಿಗೆ ಹಾಕಿದೆ. ಮನೆಗೆ ಬಂದು ನೋಡಿದರೆ ಎಲ್ಲ ಸುರುಳಿ ಸುತ್ತಿ ಬೆಳ್ಳಗಾಗಿವೆ, ನಾಲ್ಕು ತುಂಡಾಗಿವೆ. ಬರೀ ಬಾಲದ ತುಂಡಿನಿಂದ ಹೆಸರು ಹೇಳಬಹುದಾ?

ಗೋಣಿಕೊಪ್ಪ_ಕಡಲು:
ಬಾಲದಿಂದ ಆಗಲ್ಲ ಅಕ್ಕಾ. ಗುರುತೆಲ್ಲ ತಲೆಯಲ್ಲಿ ಮತ್ತು ಸೊಂಡಿಲಲ್ಲಿ (ಬಾಯಿಂದ ಹೊರಚಾಚುವ ಗಂಟಲ ಕೊಳವೆ) ಇರುತ್ತದೆ. ಜೀವಂತ ಹುಳುವನ್ನು ನೇರ ಸ್ಪಿರಿಟ್‌ಗೆ ಹಾಕಿದರೆ ಮೈ ಬಿಗಿಯುತ್ತದೆ, ಸೊಂಡಿಲು ಒಳಗೇ ಉಳಿಯುತ್ತದೆ, ಎಷ್ಟೋ ಸಲ ಮೈಯೇ ಕಡಿದುಹೋಗುತ್ತದೆ.

ಆದರೆ ತಲೆ ಉಳಿದಿರುವ ಎರಡನ್ನು ಎಸೆಯಬೇಡಿ. ಮೊದಲು ತಲೆ ನೋಡಿ. ಉದ್ದನೆ ಚೂಪು ತಲೆ, ಅದರ ಮೇಲೆ ಉಂಗುರ ಉಂಗುರ ಗೆರೆ ಇದ್ದರೆ ಗ್ಲಿಸೆರಾ ಬಳಗ. ಅದರ ಸೊಂಡಿಲ ತುದಿಯಲ್ಲಿ ನಾಲ್ಕು ದವಡೆ ಇರುತ್ತವೆ. ಚಿಕ್ಕ ಚಪ್ಪಟೆ ತಲೆ, ನಾಲ್ಕು ಮೂಲೆಯ ಮೈ ಇದ್ದರೆ ನೆಫ್ಟಿಸ್ ಬಳಗ. ನಾಲ್ಕು ಕಣ್ಣು, ಎರಡು ಸಣ್ಣ ಮೀಸೆ, ತಲೆಯ ಪಕ್ಕದಲ್ಲಿ ದಪ್ಪ ಪಾಲ್ಪು (ಮುಟ್ಟಿ ನೋಡುವ ಅಂಗ), ಒಂದು ಜೊತೆ ದವಡೆ ಇದ್ದರೆ ನೆರೀಸ್ ಬಳಗ. ತಲೆಯಿಂದ ಎರಡು ಉದ್ದನೆ ಸ್ಪರ್ಶತಂತು ಹೊರಟಿದ್ದರೆ ಸ್ಪಯೋನಿಡ್ ಬಳಗ. ಆ ತಂತು ಸುಲಭವಾಗಿ ಉದುರುತ್ತವೆ, ಕಾಣದಿದ್ದರೆ ಅದು ಸ್ಪಯೋನಿಡ್ ಅಲ್ಲ ಎಂದು ತೀರ್ಮಾನಿಸಬೇಡಿ.

ನೆರೀಸ್ ಬಳಗ ಎನಿಸಿದರೆ ಹೊಸ ಬ್ಲೇಡಿನಿಂದ ತಲೆಯ ಹಿಂದೆ ಹೊಟ್ಟೆಯ ಕಡೆ ಮೆಲ್ಲಗೆ ಸೀಳಿ ಸೊಂಡಿಲು ಬಿಚ್ಚಿ ನೋಡಿ. ಜೊತೆಗೆ ಮೈ ನಡುವಿನ ಒಂದು ಪಕ್ಕದ ಕಾಲನ್ನು ಕತ್ತರಿಸಿ, ಒಂದು ಹನಿ ಗ್ಲಿಸರಿನ್‌ನಲ್ಲಿ ಸ್ಲೈಡ್ ಮಾಡಿ. ಬಿರುಗೂದಲು ಸ್ಪಿರಿಟ್‌ನಲ್ಲೂ ಚೆನ್ನಾಗಿ ಉಳಿಯುತ್ತದೆ. 400 ಪಟ್ಟು ಹಿಗ್ಗಿಸಿದರೆ ಕೀಲು ಸಹಿತ ಕಾಣಿಸುತ್ತದೆ.

ವಿರಾಜಪೇಟೆ_ಲೆನ್ಸ್:
ಮಾಡಿದೆ! ನಾಲ್ಕು ಕಣ್ಣು, ಎರಡು ದವಡೆ. ಸೊಂಡಿಲ ಒಳಗೆ ಕಪ್ಪು ಚುಕ್ಕಿಯ ಹಾಗೆ ಹಲ್ಲುಗಳು, ಬುಡದ ಉಂಗುರದ ಬೆನ್ನಿನ ಕಡೆ ಎಡಕ್ಕೊಂದು ಬಲಕ್ಕೊಂದು ಅಡ್ಡಗೆರೆ.

ಗೋಣಿಕೊಪ್ಪ_ಕಡಲು:
ಆ ಅಡ್ಡಗೆರೆ ತುಂಬ ಮುಖ್ಯ. ನೆರೀಸ್ ಬಳಗದೊಳಗೆ ಹಲವು ಕುಲ (ಜೀನಸ್) ಇವೆ. ನೆರೀಸ್ ಕುಲದಲ್ಲಿ ಅಲ್ಲಿ ಬರೀ ಮೊನೆ ಹಲ್ಲು ಇರುತ್ತದೆ. ಅಡ್ಡಗೆರೆ ಇದ್ದರೆ ಪೆರಿನೆರೀಸ್ ಕುಲ ಇರಬಹುದು. ಸೂಡೊನೆರೀಸ್ ಕುಲದಲ್ಲೂ ಇಂಥದ್ದು ಬರುತ್ತದೆ, ಆದರೆ ಅದರ ಉಳಿದ ಹಲ್ಲುಗಳು ಬಾಚಣಿಗೆಯ ಹಾಗೆ ಒತ್ತಾಗಿ ಸಾಲುಗಟ್ಟಿರುತ್ತವೆ. ಚುಕ್ಕಿ ಚದುರಿದ್ದರೆ ಪೆರಿನೆರೀಸ್ ಎಂದು ಬರೆಯಿರಿ. ಜಾತಿ (ಸ್ಪೀಶೀಸ್) ಹೆಸರು ಈಗ ಬೇಡ. ಹುಳು ಹಾಳಾಗಿರುವಾಗ ಕುಲದಲ್ಲಿ ನಿಲ್ಲಿಸುವುದೇ ಸರಿ ಎಂದು ನನಗೆ ಅನ್ನಿಸುತ್ತದೆ. ತಪ್ಪು ಹೆಸರಿನ ಮಾದರಿ ಮುಂದೆ ನೋಡುವವರ ದಾರಿ ತಪ್ಪಿಸುತ್ತದೆ, ಅಲ್ವಾ?

ಮುಂದಿನ ಸಲ ಮೊದಲು ಹುಳುವಿನ ಮೈ ಸಡಿಲ ಮಾಡಿ. ಒಂದು ಲೀಟರ್ ಸಿಹಿನೀರಿಗೆ ಸುಮಾರು 75 ಗ್ರಾಂ ಮೆಗ್ನೀಸಿಯಂ ಕ್ಲೋರೈಡ್ ಹರಳು ಕರಗಿಸಿ, ಅಷ್ಟೇ ಕಡಲ ನೀರು ಬೆರೆಸಿ. ಹುಳುವನ್ನು ಅದರಲ್ಲಿ ಮುಟ್ಟಿದರೂ ಅಲುಗದಷ್ಟು ಹೊತ್ತು ಬಿಡಿ. ನಮ್ಮ ಕಾಫಿ ತೋಟಗಳಿಗೆ ಹೊಡೆಯುವ ಮೆಗ್ನೀಸಿಯಂ ಸಲ್ಫೇಟ್ ಇದ್ದರೆ ಅದನ್ನೂ ಕಡಲ ನೀರಿಗೆ ಚಿಟಿಕೆ ಚಿಟಿಕೆಯಾಗಿ ಹಾಕುತ್ತಾ ಬರಬಹುದು. ಮೈ ಸಡಿಲವಾದ ಮೇಲೆ ತಲೆಯ ಹಿಂದೆ ಮೆಲ್ಲಗೆ ಒತ್ತಿದರೆ ಸೊಂಡಿಲು ಹೊರಬರುತ್ತದೆ.

ಆಮೇಲೆ ಒಂದು ಭಾಗ ಅಂಗಡಿಯ ಫಾರ್ಮಲಿನ್, ಒಂಬತ್ತು ಭಾಗ ಕಡಲ ನೀರು ಬೆರೆಸಿ ಹುಳುವನ್ನು ಅದರಲ್ಲಿ ಹಾಕಿ. ಇದನ್ನು ಗಾಳಿ ಆಡುವ ಕಡೆ, ಕೈಗವಸು ಹಾಕಿಕೊಂಡೇ ಮಾಡಿ. ಒಂದೆರಡು ದಿನ ಬಿಟ್ಟು ನೀರಲ್ಲಿ ತೊಳೆದು, ಆಮೇಲೆ 70 ಶೇಕಡ ಸ್ಪಿರಿಟ್‌ಗೆ ಹಾಕಿ. ಡಿಎನ್‌ಎ ಬೇಕಿದ್ದರೆ ಫಾರ್ಮಲಿನ್ ಬೇಡ, ಒಂದು ತುಂಡನ್ನು ಬೇರೆಯಾಗಿ 95 ಶೇಕಡ ಸ್ಪಿರಿಟ್‌ನಲ್ಲಿ ಇಡಿ.

ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಬಾಟಲಿಯ ಒಳಗೇ ಹಾಕಿ. ಪೆನ್ನಿನ ಶಾಯಿ ಸ್ಪಿರಿಟ್‌ಗೆ ಬಿಟ್ಟುಹೋಗುತ್ತದೆ.

ವಿರಾಜಪೇಟೆ_ಲೆನ್ಸ್:
ಚುಕ್ಕಿಗಳು ಚದುರಿವೆ, ಪೆರಿನೆರೀಸ್ ಎಂದು ಬರೆದಿಟ್ಟೆ. ತುಂಬ ಥ್ಯಾಂಕ್ಸ್ ಅಣ್ಣಾ. ಬರುವ ಅಮಾವಾಸ್ಯೆಗೆ ನೀರು ಜಾಸ್ತಿ ಇಳಿಯುತ್ತದೆ, ಆಗ ಮತ್ತೆ ಹೋಗುತ್ತೇನೆ. ಈ ಸಲ ಎರಡು ಕ್ಯಾನ್ ಕಡಲ ನೀರು ತುಂಬಿಕೊಂಡೇ ಘಾಟಿ ಹತ್ತುತ್ತೇನೆ.